ಆಕರ ಹುಡುಕುವುದು, ಆಕರ ಸೂಚಿಸುವುದು: ಕಾಲೇಜು ಗ್ರಂಥಾಲಯದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ, ಇತಿಹಾಸ ಮತ್ತು ಸಮಾಜಶಾಸ್ತ್ರ ವಿಭಾಗಗಳಲ್ಲಿ ಪ್ರಾಜೆಕ್ಟ್ ವರದಿ ಅಥವಾ ಕಿರುಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳು ರೆಫರೆನ್ಸ್ ವಿಭಾಗಕ್ಕೆ ಬಂದು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನೀವು ನೋಡಿದ ಪುಟವನ್ನೇ ಇನ್ನೊಬ್ಬರು ತೆರೆದು ನೋಡಲು ಸಾಧ್ಯವಾಗುವಂತೆ ದಾರಿ ತೋರಿಸುವುದೇ ಆಕರ ಸೂಚನೆಯ ಕೆಲಸ. ಕೆಳಗಿನ ಉತ್ತರಗಳನ್ನು ಈ ಅಳತೆಗೋಲನ್ನೇ ಹಿಡಿದು ಬರೆಯಲಾಗಿದೆ.

ವಿಷಯ ನಿಗದಿಯಾಗಿದೆ. ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಅಂತರ್ಜಾಲದಿಂದ ಆರಂಭಿಸುವುದಕ್ಕಿಂತ ನಿಮ್ಮ ವಿಷಯದ ಮೇಲೆ ಇತ್ತೀಚೆಗೆ ಬಂದಿರುವ ಒಂದು ಒಳ್ಳೆಯ ಪುಸ್ತಕದ ಕೊನೆಯಲ್ಲಿರುವ ಗ್ರಂಥಋಣದಿಂದ ಆರಂಭಿಸುವುದು ಲೇಸು. ಆ ಲೇಖಕರು ವರ್ಷಗಟ್ಟಲೆ ಓದಿ ಆಯ್ದುಕೊಂಡ ಪಟ್ಟಿ ಅದಾಗಿರುತ್ತದೆ. ಅದರಲ್ಲಿರುವ ಯಾವ ಯಾವ ಪುಸ್ತಕಗಳು ನಮ್ಮಲ್ಲಿವೆ ಎಂಬುದನ್ನು ಒಪ್ಯಾಕ್‌ನಲ್ಲಿ (ಗ್ರಂಥಾಲಯದ ಗಣಕೀಕೃತ ಪುಸ್ತಕಪಟ್ಟಿಯಲ್ಲಿ) ನೋಡಿ, ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗವನ್ನು ತೋರಿಸುವ ಸಂಖ್ಯೆ) ಬರೆದುಕೊಂಡು ಕಪಾಟಿಗೆ ಹೋಗಬಹುದು. ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಕನ್ನಡ ಭಾಷೆಯ ಪುಸ್ತಕಗಳು 494.814ರಲ್ಲಿಯೂ ಕನ್ನಡ ಸಾಹಿತ್ಯವು 894.814ರಲ್ಲಿಯೂ ಕರ್ನಾಟಕದ ಇತಿಹಾಸವು 954.87ರಲ್ಲಿಯೂ ಇರುತ್ತವೆ. ಬೇಕಾದ ಪುಸ್ತಕವನ್ನು ತೆಗೆದುಕೊಂಡ ಮೇಲೆ ಅದರ ಎಡಬಲದ ಪುಸ್ತಕಗಳನ್ನೂ ಒಮ್ಮೆ ತೆರೆದು ನೋಡಿ. ಶೀರ್ಷಿಕೆಯಿಂದ ಗೊತ್ತಾಗದ ಎಷ್ಟೋ ಪುಸ್ತಕಗಳು ಕೈಗೆ ಸಿಗುವುದು ಹೀಗೆಯೇ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಕನ್ನಡದಲ್ಲಿ ಅಭಿನಂದನ ಗ್ರಂಥಗಳು ಮತ್ತು ಸಂಸ್ಮರಣ ಗ್ರಂಥಗಳು ವಿಪುಲವಾಗಿವೆ. ಒಬ್ಬ ವಿದ್ವಾಂಸರ ಹೆಸರಿನ ಗ್ರಂಥದೊಳಗೆ ಅವರಿಗೆ ಸಂಬಂಧವೇ ಇಲ್ಲದ ಗ್ರಾಮದೇವತೆ, ನಾಣ್ಯ, ಕೆರೆ ಕಟ್ಟೆ, ಛಂದಸ್ಸು ಮುಂತಾದ ವಿಷಯಗಳ ಮೇಲೆ ಗಟ್ಟಿ ಲೇಖನಗಳಿರುತ್ತವೆ. ಒಪ್ಯಾಕ್ ಆ ಗ್ರಂಥದ ಹೆಸರನ್ನು ತೋರಿಸುತ್ತದೆಯೇ ಹೊರತು ಒಳಗಿನ ಲೇಖನಗಳನ್ನು ತೋರಿಸುವುದಿಲ್ಲ. ಪರಿವಿಡಿಯನ್ನು ನೀವೇ ತಿರುವಿ ಹಾಕಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಲ್ಲಿ ಆರಂಭವಾದ ಪ್ರಬುದ್ಧ ಕರ್ನಾಟಕ ಮೊದಲಾದ ಹಳೆಯ ನಿಯತಕಾಲಿಕಗಳ ಬೈಂಡ್ ಮಾಡಿದ ಸಂಪುಟಗಳಿಗೂ ಈ ಮಾತು ಅನ್ವಯಿಸುತ್ತದೆ.

ಒಪ್ಯಾಕ್‌ನಲ್ಲಿ ಕನ್ನಡದಲ್ಲಿ ಟೈಪ್ ಮಾಡಿದರೆ ಏನೂ ಬರುವುದಿಲ್ಲ. ಪುಸ್ತಕ ಇಲ್ಲವೆಂದು ತಿಳಿಯಬೇಕೆ?

ಹಾಗೆ ತಿಳಿಯಬೇಡಿ. ಹಿಂದೆ ಗಣಕೀಕರಣ ನಡೆದಾಗ ಅನೇಕ ಕಾಲೇಜುಗಳಲ್ಲಿ ಕನ್ನಡ ಪುಸ್ತಕಗಳ ವಿವರವನ್ನು ರೋಮನ್ ಲಿಪಿಯಲ್ಲಿ ತುಂಬಿಸಲಾಯಿತು, ಅದೂ ತುಂಬಿಸಿದವರ ಕಿವಿಗೆ ಕೇಳಿದಂತೆ. ಆದ್ದರಿಂದ ರೋಮನ್ ಲಿಪಿಯಲ್ಲಿ, ದೀರ್ಘ ಸ್ವರಕ್ಕೆ ಒಂದು ಅಕ್ಷರ ಹಾಕಿಯೂ ಎರಡು ಅಕ್ಷರ ಹಾಕಿಯೂ ಹುಡುಕಬೇಕು. ಕನ್ನಡ ಲಿಪಿಯಲ್ಲಿಯೇ ದಾಖಲಾಗಿದ್ದರೂ ಕಾಗುಣಿತದ ವ್ಯತ್ಯಾಸಗಳು ತೊಡಕಾಗುತ್ತವೆ: ಕರ್ನಾಟಕ ಮತ್ತು ಕರ್ಣಾಟಕ, ಅಂತರರಾಷ್ಟ್ರೀಯ ಮತ್ತು ಅಂತರಾಷ್ಟ್ರೀಯ, ಬಸವಣ್ಣ ಮತ್ತು ಬಸವೇಶ್ವರ. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳು. ಇಡೀ ಶೀರ್ಷಿಕೆಯನ್ನು ಟೈಪ್ ಮಾಡದೆ, ಅರ್ಕಾವತ್ತು ಮತ್ತು ಒತ್ತಕ್ಷರಗಳಿಲ್ಲದ ಒಂದು ಸರಳ ಪದವನ್ನು ಮಾತ್ರ ಕೊಟ್ಟು ನೋಡಿದರೆ ಹೆಚ್ಚು ಫಲ ಸಿಗುತ್ತದೆ.

ಊರುಗಳ ಹೆಸರೂ ಹಾಗೆಯೇ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಅಧಿಕೃತ ಹೆಸರು ಬದಲಾಯಿತು. ಅದಕ್ಕೂ ಹಿಂದಿನ ಪುಸ್ತಕಗಳನ್ನು ಹುಡುಕುವಾಗ ಗುಲ್ಬರ್ಗ, ಬಿಜಾಪುರ, ಬೆಲ್ಗಾಂ ಎಂಬ ರೂಪಗಳನ್ನು ಬಿಡುವಂತಿಲ್ಲ. ಇಷ್ಟಾದರೂ ಸಿಗದಿದ್ದರೆ ಅಕ್ಸೆಷನ್ ರಿಜಿಸ್ಟರ್ (ಗ್ರಂಥಾಲಯಕ್ಕೆ ಬಂದ ಪುಸ್ತಕಗಳ ದಾಖಲೆ ಪುಸ್ತಕ) ನೋಡಲು ಗ್ರಂಥಪಾಲಕರನ್ನು ಕೇಳಿ. ಕಂಪ್ಯೂಟರಿಗೆ ಇನ್ನೂ ಏರದ ಪುಸ್ತಕಗಳು ಅಲ್ಲಿ ಸಿಕ್ಕಾವು.

ನನ್ನ ಊರಿನ ಅಥವಾ ತಾಲ್ಲೂಕಿನ ಹತ್ತೊಂಬತ್ತನೆಯ ಶತಮಾನದ ವಿವರಗಳು ಯಾವ ಪುಸ್ತಕದಲ್ಲಿ ಸಿಗುತ್ತವೆ?

ಆ ಊರು ಆಗ ಯಾರ ಆಡಳಿತದಲ್ಲಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಿ. 1956ರ ಏಕೀಕರಣಕ್ಕೆ ಮುನ್ನ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತಾದ್ದರಿಂದ ದಾಖಲೆಗಳೂ ಹಾಗೆಯೇ ಹಂಚಿಹೋಗಿವೆ. ಧಾರವಾಡದ ಬಗ್ಗೆ ಬರೆಯುವ ವಿದ್ಯಾರ್ಥಿ ಮೈಸೂರು ಗೆಜೆಟಿಯರನ್ನು (ನಾಡಿನ ವಿವರಗಳನ್ನು ಕೊಡುವ ಸರ್ಕಾರಿ ಗ್ರಂಥ) ತಿರುವಿ ಹಾಕಿ ಏನೂ ಸಿಗಲಿಲ್ಲವೆಂದು ಹಿಂತಿರುಗುವುದು ಪ್ರತಿವರ್ಷ ನಡೆಯುವ ಸಂಗತಿ. ಅವರಿಗೆ ಬೇಕಾದದ್ದು ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್. ಅದರ 21, 22 ಮತ್ತು 23ನೆಯ ಸಂಪುಟಗಳು ಕ್ರಮವಾಗಿ ಬೆಳಗಾವಿ, ಧಾರವಾಡ ಮತ್ತು ಬಿಜಾಪುರ ಜಿಲ್ಲೆಗಳನ್ನು ಕುರಿತವು, ಮೂರೂ 1884ರಲ್ಲಿ ಪ್ರಕಟವಾದವು. ಉತ್ತರ ಕನ್ನಡವು 15ನೆಯ ಸಂಪುಟದಲ್ಲಿದೆ. ದಕ್ಷಿಣ ಕನ್ನಡ ಮತ್ತು ಬಳ್ಳಾರಿಗಳು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದುದರಿಂದ ಅವುಗಳ ವಿವರ ಆ ಪ್ರಾಂತದ ಜಿಲ್ಲಾ ಮ್ಯಾನ್ಯುಯಲ್‌ಗಳಲ್ಲಿದೆ. ಕಲಬುರಗಿ, ಬೀದರ್, ರಾಯಚೂರುಗಳಿಗೆ ಹೈದರಾಬಾದ್ ಸಂಸ್ಥಾನದ ಗೆಜೆಟಿಯರನ್ನೂ ಆಡಳಿತ ವರದಿಗಳನ್ನೂ ನೋಡಬೇಕು. ಹಳೆಯ ಮೈಸೂರಿನವರಿಗೆ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಮತ್ತು 1927ರಿಂದ 1930ರ ಅವಧಿಯಲ್ಲಿ ಬಂದ ಸಿ. ಹಯವದನರಾವ್ ಅವರ ಪರಿಷ್ಕೃತ ಸಂಪುಟಗಳಿವೆ.

ಇವನ್ನು ಬರೆದವರು ಕಂದಾಯ ವಸೂಲಿಯ ಕಣ್ಣಿನಿಂದ ನಾಡನ್ನು ನೋಡಿದವರು ಎಂಬುದು ನೆನಪಿರಲಿ. ಬೆಳೆ, ನೀರಾವರಿ, ಸಂತೆ, ತೆರಿಗೆಗಳ ವಿಷಯದಲ್ಲಿ ಇವು ಬಹಳ ಉಪಯುಕ್ತ. ಜಾತಿಗಳ ಸ್ವಭಾವದ ಬಗ್ಗೆ ಇವುಗಳಲ್ಲಿರುವ ತೀರ್ಪುಗಳನ್ನು ಮಾತ್ರ ಸಂಗತಿಗಳೆಂದು ಎತ್ತಿ ಬರೆಯಬಾರದು.

ಶಾಸನವೊಂದನ್ನು ಉಲ್ಲೇಖಿಸಬೇಕು. ಎರಡು ಪುಸ್ತಕಗಳಲ್ಲಿ ಎರಡು ಬೇರೆ ಸಂಖ್ಯೆಗಳಿವೆ. ಯಾವುದು ಸರಿ?

ಎರಡೂ ಸರಿಯಿರಬಹುದು. ಶಾಸನಗಳ ಪಠ್ಯವನ್ನು ಕೊಡುವ ಎಪಿಗ್ರಾಫಿಯಾ ಕರ್ನಾಟಿಕಾದ (ಎ.ಕ.) ಮೊದಲ ಮಾಲೆಯು ರೈಸ್ ಅವರ ಸಂಪಾದಕತ್ವದಲ್ಲಿ 1886ರಿಂದ ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಅದರ ಪರಿಷ್ಕೃತ ಮಾಲೆಯನ್ನು 1972ರಿಂದ ಹೊರತರಲಾರಂಭಿಸಿತು. ಈ ಎರಡು ಮಾಲೆಗಳಲ್ಲಿ ಸಂಪುಟಗಳ ವಿಂಗಡಣೆ ಬೇರೆ, ಶಾಸನಗಳ ಕ್ರಮಸಂಖ್ಯೆಯೂ ಬೇರೆ. ಉದಾಹರಣೆಗೆ, ಬೇಲೂರು ತಾಲ್ಲೂಕಿನ ಶಾಸನಗಳು ರೈಸ್ ಅವರ ಮಾಲೆಯಲ್ಲಿ ಹಾಸನ ಜಿಲ್ಲೆಯನ್ನು ಕುರಿತ 5ನೆಯ ಸಂಪುಟದಲ್ಲಿದ್ದರೆ, ಪರಿಷ್ಕೃತ ಮಾಲೆಯಲ್ಲಿ 9ನೆಯ ಸಂಪುಟದಲ್ಲಿವೆ. ಬರಿದೇ ‘ಎ.ಕ. 5, ಬೇಲೂರು’ ಎಂದು ಬರೆದು ಸಂಖ್ಯೆ ಹಾಕಿದರೆ ಓದುಗರು ತಪ್ಪು ಕಪಾಟಿನ ಮುಂದೆ ನಿಲ್ಲಬೇಕಾಗುತ್ತದೆ. ಮಾಲೆ (ಹಳೆಯದು ಅಥವಾ ಪರಿಷ್ಕೃತ), ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ, ಪುಟ, ಈ ಐದನ್ನೂ ಕೊಡಿ. ಶಾಸನದ ಕಾಲ ಮತ್ತು ಊರನ್ನು ನಿಮ್ಮ ವಾಕ್ಯದೊಳಗೇ ಹೇಳಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಸಂಖ್ಯೆ ತಪ್ಪಿದರೂ ಶಾಸನವನ್ನು ಗುರುತಿಸಲು ಆಗುತ್ತದೆ.

ಈ ಮಾಲೆಯ ವ್ಯಾಪ್ತಿ ಮುಖ್ಯವಾಗಿ ಹಳೆಯ ಮೈಸೂರು ಮತ್ತು ಕೊಡಗು. ಮುಂಬಯಿ ಕರ್ನಾಟಕದ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನು ನೋಡಬೇಕು. ರೈಸ್ ನಂತರ ಬೆಳಕಿಗೆ ಬಂದ ಶಾಸನಗಳನ್ನು ಹಳೆಯ ಸಂಪುಟಗಳಲ್ಲಿ ಹುಡುಕುವುದು ವ್ಯರ್ಥ. ಹಲ್ಮಿಡಿ ಶಾಸನವು ಬೇಲೂರು ತಾಲ್ಲೂಕಿನದೇ ಆದರೂ 1902ರ ಹಾಸನ ಸಂಪುಟದಲ್ಲಿ ಇಲ್ಲ, ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿದೆ.

ಶಕವರ್ಷವನ್ನು ಕ್ರಿಸ್ತಶಕಕ್ಕೆ ತರಲು 78 ಕೂಡಿಸುವುದು ವಾಡಿಕೆ. ಶಕ 1039 ಎಂದರೆ ಕ್ರಿ.ಶ. 1117. ಶಕವರ್ಷದ ಕೊನೆಯ ತಿಂಗಳುಗಳು ಮುಂದಿನ ಕ್ರಿಸ್ತವರ್ಷಕ್ಕೆ ಸೇರುವುದರಿಂದ, ಪುಷ್ಯ, ಮಾಘ, ಫಾಲ್ಗುಣಗಳ ತಿಥಿಯಿದ್ದರೆ 79 ಕೂಡಿಸಬೇಕಾಗಬಹುದು. ಸಂಪಾದಕರು ಕೊಟ್ಟಿರುವ ತಾರೀಖನ್ನು ಬಿಟ್ಟು ನಿಮ್ಮದೇ ಲೆಕ್ಕವನ್ನು ಬರೆಯುವುದಾದರೆ ಅದನ್ನು ಅಡಿಟಿಪ್ಪಣಿಯಲ್ಲಿ ತಿಳಿಸಿ.

ಶೋಧಗಂಗಾದಲ್ಲಿ ಕನ್ನಡ ಪ್ರಬಂಧಗಳಿವೆಯೇ?

ಸಾಕಷ್ಟು ಇವೆ. ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) 2009ರಲ್ಲಿ ನಿಯಮ ಮಾಡಿತು. ಆ ಪ್ರತಿಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಶೋಧಗಂಗಾ ಎಂಬ ಜಾಲತಾಣದಲ್ಲಿ ಇರಿಸಿದೆ. ಆದರೆ ಕನ್ನಡ ಪ್ರಬಂಧಗಳ ಶೀರ್ಷಿಕೆಗಳು ಕೆಲವು ಕನ್ನಡ ಲಿಪಿಯಲ್ಲಿ, ಕೆಲವು ರೋಮನ್ ಲಿಪಿಯಲ್ಲಿ, ಇನ್ನು ಕೆಲವು ಇಂಗ್ಲಿಷ್ ಅನುವಾದದಲ್ಲಿ ದಾಖಲಾಗಿವೆ. ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪಾದ ಪ್ರಬಂಧಗಳ ಒಳಗಿನ ಪಠ್ಯದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ವಿಶ್ವವಿದ್ಯಾನಿಲಯವನ್ನೂ ಅದರ ಕನ್ನಡ ಅಧ್ಯಯನ ವಿಭಾಗವನ್ನೂ ಆರಿಸಿ, ಪಟ್ಟಿಯನ್ನು ಒಂದೊಂದಾಗಿ ನೋಡುವುದು ನಿಧಾನವಾದರೂ ನಂಬಲರ್ಹವಾದ ದಾರಿ.

ಪ್ರಬಂಧ ಅಲ್ಲಿದೆ ಎಂದಮಾತ್ರಕ್ಕೆ ಅದರಲ್ಲಿರುವುದೆಲ್ಲ ಸರಿಯೆಂದಲ್ಲ. ಅವುಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಪ್ರಬಂಧದಿಂದ ವಾದಕ್ಕಿಂತ ಆಕರಗಳ ಸುಳಿವನ್ನು ಪಡೆಯುವುದು ಕ್ಷೇಮ.

ಎನ್-ಲಿಸ್ಟ್‌ಗೂ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೂ ಏನು ವ್ಯತ್ಯಾಸ?

ಎನ್-ಲಿಸ್ಟ್ ಕಾಲೇಜುಗಳಿಗಾಗಿ ಇನ್‌ಫ್ಲಿಬ್‌ನೆಟ್ ನಡೆಸುವ ವಿದ್ಯುನ್ಮಾನ ಪುಸ್ತಕ ಮತ್ತು ನಿಯತಕಾಲಿಕಗಳ ಸೇವೆ. ಕಾಲೇಜು ಸದಸ್ಯತ್ವ ಪಡೆದಿದ್ದರೆ ಗ್ರಂಥಪಾಲಕರು ನಿಮ್ಮ ಹೆಸರಿನಲ್ಲಿ ಲಾಗಿನ್ ಮಾಡಿಸಿಕೊಡುತ್ತಾರೆ, ಮನೆಯಿಂದಲೂ ಓದಬಹುದು. 2025ರ ಜನವರಿ 1ರಂದು ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು ಮೂವತ್ತು ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಸಂಸ್ಥೆಗಳಿಗೆ ಒದಗಿಸುತ್ತದೆ. ಇವುಗಳಲ್ಲಿ ಬಹುಪಾಲು ಇಂಗ್ಲಿಷ್ ಪತ್ರಿಕೆಗಳು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇವುಗಳಿಂದ ಸಿದ್ಧಾಂತಕ್ಕೆ ನೆರವು ದೊರೆತೀತು, ಪಠ್ಯಕ್ಕೆ ಅಲ್ಲ.

ವಿಕಿಪೀಡಿಯವನ್ನು ಆಕರವಾಗಿ ಕೊಡಬಹುದೇ? ಎಐ ಚಾಟ್ ಕೊಟ್ಟ ಪುಸ್ತಕಪಟ್ಟಿಯನ್ನು?

ವಿಕಿಪೀಡಿಯ ಲೇಖನದ ಕೆಳಗಿರುವ ಉಲ್ಲೇಖಗಳನ್ನು ಹಿಡಿದು ಮೂಲಕ್ಕೆ ಹೋಗಿ, ಮೂಲವನ್ನು ಓದಿ, ಅದನ್ನು ಆಕರವಾಗಿ ಕೊಡಿ. ಎಐ ಕೊಡುವ ಪಟ್ಟಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ನಿಜವಾದ ವಿದ್ವಾಂಸರ ಹೆಸರು, ನಿಜವಾದ ಪ್ರಕಾಶಕರ ಹೆಸರು, ನಂಬುವಂತಿರುವ ವರ್ಷ ಎಲ್ಲವೂ ಇದ್ದು, ಅಂಥ ಪುಸ್ತಕವೇ ಎಂದೂ ಅಚ್ಚಾಗದಿರುವ ಸಾಧ್ಯತೆ ಇದೆ. ಕನ್ನಡ ಪುಸ್ತಕಗಳ ಬಗ್ಗೆ ಕೇಳಿದಾಗ ಈ ತೊಂದರೆ ಎದ್ದು ಕಾಣುತ್ತದೆ. ಕೈಯಲ್ಲಿ ಹಿಡಿದು ನೋಡದ ಅಥವಾ ಪರದೆಯ ಮೇಲೆ ಅದರ ಪುಟವನ್ನೇ ಕಾಣದ ಯಾವ ಪುಸ್ತಕವೂ ನಿಮ್ಮ ಗ್ರಂಥಋಣದಲ್ಲಿ ಇರಬಾರದು.

ಆಕರ ಸೂಚಿಸಲು ಯಾವ ಶೈಲಿಯನ್ನು ಅನುಸರಿಸಬೇಕು: ಎಂಎಲ್‌ಎ, ಎಪಿಎ ಅಥವಾ ಶಿಕಾಗೋ?

ನಿಮ್ಮ ವಿಭಾಗದವರು ಹೇಳಿದ್ದನ್ನು. ಅವರು ಏನನ್ನೂ ಹೇಳದಿದ್ದರೆ ಸಾಹಿತ್ಯದವರು ಎಂಎಲ್‌ಎಯನ್ನೂ ಸಮಾಜ ವಿಜ್ಞಾನದವರು ಎಪಿಎಯನ್ನೂ ಇತಿಹಾಸದವರು ಅಡಿಟಿಪ್ಪಣಿಗಳಿರುವ ಶಿಕಾಗೋ ಕ್ರಮವನ್ನೂ ಬಳಸಬಹುದು. ಯಾವುದನ್ನೇ ಹಿಡಿದರೂ ಕೊನೆಯವರೆಗೂ ಅದನ್ನೇ ಬಳಸಬೇಕು.

ಕನ್ನಡ ಲೇಖಕರ ಹೆಸರನ್ನು ಹೇಗೆ ಬರೆಯುವುದು? ಕೊನೆಯ ಹೆಸರನ್ನು ಮೊದಲು ಹಾಕಬೇಕೆಂದು ಆಕರ ಸೂಚಿ ಸಿದ್ಧಪಡಿಸುವ ಸಾಫ್ಟ್‌ವೇರ್ ಹೇಳುತ್ತದೆ.

ಈ ಶೈಲಿಗಳೆಲ್ಲವೂ ಕುಟುಂಬನಾಮ ಇದ್ದೇ ಇರುತ್ತದೆಂಬ ಎಣಿಕೆಯ ಮೇಲೆ ನಿಂತಿವೆ. ನಮ್ಮಲ್ಲಿ ಉತ್ತರ ಕರ್ನಾಟಕದ ಮತ್ತು ಕರಾವಳಿಯ ಅನೇಕ ಹೆಸರುಗಳಿಗೆ ಇದು ಹೊಂದುತ್ತದೆ. ದ. ರಾ. ಬೇಂದ್ರೆಯವರನ್ನು ‘ಬೇಂದ್ರೆ, ದ. ರಾ.’ ಎಂದೂ ಎಂ. ಎಂ. ಕಲಬುರ್ಗಿಯವರನ್ನು ‘ಕಲಬುರ್ಗಿ, ಎಂ. ಎಂ.’ ಎಂದೂ ಶಿವರಾಮ ಕಾರಂತರನ್ನು ‘ಕಾರಂತ, ಶಿವರಾಮ’ ಎಂದೂ ಬರೆಯುವುದರಲ್ಲಿ ತೊಡಕಿಲ್ಲ. ಹಳೆಯ ಮೈಸೂರಿನ ಕಡೆ ಊರು ಮತ್ತು ತಂದೆಯ ಹೆಸರುಗಳು ಇನಿಷಿಯಲ್‌ಗಳಾಗಿ ಮುಂದೆ ನಿಂತು, ವ್ಯಕ್ತಿಯ ಸ್ವಂತ ಹೆಸರೇ ಕೊನೆಯಲ್ಲಿ ಬರುತ್ತದೆ. ಎಸ್. ಎಲ್. ಭೈರಪ್ಪ ಎಂಬಲ್ಲಿ ಎಸ್ ಎಂದರೆ ಸಂತೇಶಿವರ, ಎಲ್ ಎಂದರೆ ಲಿಂಗಣ್ಣಯ್ಯ. ಯು. ಆರ್. ಅನಂತಮೂರ್ತಿ ಎಂಬಲ್ಲಿ ಯು ಎಂದರೆ ಉಡುಪಿ. ಇಂಥ ಹೆಸರುಗಳನ್ನು ‘ಭೈರಪ್ಪ, ಎಸ್. ಎಲ್.’ ಎಂದು ಬರೆದರೆ ಅದು ಕುಟುಂಬನಾಮವಲ್ಲದಿದ್ದರೂ ಅಕಾರಾದಿಯಲ್ಲಿ ಸರಿಯಾದ ಸ್ಥಳಕ್ಕೇ ಹೋಗುತ್ತದೆ. ತೊಂದರೆ ಬರುವುದು ಎರಡು ಪದಗಳ ಸ್ವಂತ ಹೆಸರಿನಲ್ಲಿ. ಚಿದಾನಂದಮೂರ್ತಿ ಎಂಬುದನ್ನು ‘ಚಿದಾನಂದ ಮೂರ್ತಿ’ ಎಂದು ಬಿಡಿಸಿ ಬರೆದಾಗ ಸಾಫ್ಟ್‌ವೇರ್ ಅವರನ್ನು ‘ಮೂರ್ತಿ, ಚಿ.’ ಎಂದು ಮಾಡಿ ಬೇರೆಲ್ಲಿಗೋ ಕಳಿಸುತ್ತದೆ. ಝೊಟೆರೊದಂಥ ಉಚಿತ ತಂತ್ರಾಂಶಗಳಲ್ಲಿ ಹೆಸರಿಗೆ ಎರಡು ಖಾನೆಗಳ ಬದಲು ಒಂದೇ ಖಾನೆ ಇಟ್ಟುಕೊಳ್ಳುವ ಸೌಲಭ್ಯವಿದೆ. ಅದನ್ನು ಬಳಸಿ.

ಕಾವ್ಯನಾಮಗಳಿಗೆ ಒಂದು ಸರಳ ನಿಯಮ: ಶೀರ್ಷಿಕೆ ಪುಟದಲ್ಲಿ ಅಚ್ಚಾಗಿರುವ ಹೆಸರನ್ನೇ ಕೊಡಿ. ಕುವೆಂಪು ಎಂದಿದ್ದರೆ ಕುವೆಂಪು ಎಂದೇ ಬರೆಯಿರಿ, ‘ಪುಟ್ಟಪ್ಪ, ಕೆ. ವಿ.’ ಎಂದು ತಿದ್ದುವುದು ಬೇಡ. ಒಬ್ಬರೇ ಲೇಖಕರ ಪುಸ್ತಕಗಳು ಎರಡು ಹೆಸರುಗಳಲ್ಲಿ ಬಂದಿದ್ದರೆ ಒಂದರಡಿ ‘ನೋಡಿ’ ಎಂದು ಬರೆದು ಇನ್ನೊಂದನ್ನು ಸೂಚಿಸಿ. ಡಾ., ಪ್ರೊ., ಶ್ರೀ, ಶ್ರೀಮತಿ ಇವು ಗ್ರಂಥಋಣದಲ್ಲಿ ಬೇಡ. ಅದರಿಂದ ಯಾರಿಗೂ ಅಗೌರವವಾಗುವುದಿಲ್ಲ.

ಹಳಗನ್ನಡ ಕಾವ್ಯದ ಪದ್ಯಕ್ಕೆ ಪುಟ ಸಂಖ್ಯೆ ಕೊಟ್ಟರೆ ಸಾಕೇ?

ಸಾಲದು. ಪುಟ ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಕಾವ್ಯದ ಒಳವಿಂಗಡಣೆ ಅಷ್ಟಾಗಿ ಬದಲಾಗುವುದಿಲ್ಲ. ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯಸಂಖ್ಯೆ, ಕವಿರಾಜಮಾರ್ಗಕ್ಕೆ ಪರಿಚ್ಛೇದ ಮತ್ತು ಪದ್ಯಸಂಖ್ಯೆ, ಕುಮಾರವ್ಯಾಸನಿಗೆ ಪರ್ವ, ಸಂಧಿ ಮತ್ತು ಪದ್ಯಸಂಖ್ಯೆ ಕೊಡಬೇಕು. ಅದರ ಜೊತೆಗೆ ಸಂಪಾದಕರ ಹೆಸರನ್ನೂ ಆವೃತ್ತಿಯನ್ನೂ ಮರೆಯಬಾರದು, ಏಕೆಂದರೆ ಪಾಠಾಂತರಗಳಿರುತ್ತವೆ ಮತ್ತು ಕೆಲವೆಡೆ ಪದ್ಯಸಂಖ್ಯೆಯೂ ಒಂದೆರಡು ಹಿಂದೆ ಮುಂದೆ ಆಗಿರುತ್ತದೆ. ವಚನಗಳಿಗೆ 1993ರಲ್ಲಿ ಬಂದ ಹದಿನೈದು ಸಂಪುಟಗಳ ಸಮಗ್ರ ವಚನ ಮಾಲೆಯ ಸಂಪುಟ ಮತ್ತು ವಚನಸಂಖ್ಯೆಯನ್ನು ಕೊಡುವುದು ರೂಢಿಯಾಗಿದೆ.

ಒಬ್ಬರ ಪುಸ್ತಕದಲ್ಲಿ ಉದ್ಧರಿಸಿದ ಪದ್ಯವನ್ನು ನಾನು ಮೂಲವನ್ನೇ ನೋಡಿದಂತೆ ಉಲ್ಲೇಖಿಸಬಹುದೇ?

ಬಾರದು. ಕವಿರಾಜಮಾರ್ಗದ ‘ಕಾವೇರಿಯಿಂದಮಾ’ ಎಂದು ಆರಂಭವಾಗುವ ಪದ್ಯವನ್ನು (1-36) ಉದ್ಧರಿಸದ ಪ್ರಾಜೆಕ್ಟ್ ಅಪರೂಪ. ಗ್ರಂಥವನ್ನು ತೆರೆದು ನೋಡಿ ಉದ್ಧರಿಸಿದ ಪ್ರಾಜೆಕ್ಟ್ ಇನ್ನೂ ಅಪರೂಪ. ಒಬ್ಬರ ಅಚ್ಚಿನ ತಪ್ಪು ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ದಾಟುತ್ತಾ ಹೋಗುವುದು ಇದರಿಂದಲೇ. ಮೂಲ ನಮ್ಮ ಕಪಾಟಿನಲ್ಲಿದ್ದರೆ ತೆಗೆದು ನೋಡಲು ಹತ್ತು ನಿಮಿಷವೂ ಬೇಡ. ನಿಜವಾಗಿಯೂ ಸಿಗದಿದ್ದರೆ ಮೂಲದ ಹೆಸರು ಹೇಳಿ, ‘ಇವರ ಗ್ರಂಥದಲ್ಲಿ ಉದ್ಧೃತ’ ಎಂದು ನೀವು ಓದಿದ ಪುಸ್ತಕವನ್ನು ಪುಟದೊಡನೆ ಕೊಡಿ.

ಪುಸ್ತಕದಲ್ಲಿ ಪ್ರಕಟಣೆಯ ವರ್ಷವೇ ಇಲ್ಲ. ಏನು ಬರೆಯಲಿ?

ಮುನ್ನುಡಿಯ ಕೊನೆಯಲ್ಲಿ ತಾರೀಖು ಇರಬಹುದು. ಇದ್ದರೆ ಅದನ್ನು ಚೌಕ ಕಂಸದಲ್ಲಿ ಕೊಡಿ. ಹಳೆಯ ಪುಸ್ತಕಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುವುದುಂಟು. ಸಂವತ್ಸರವು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ‘ವಿಕೃತಿ’ ಎಂದಿರುವ ಪುಸ್ತಕ 1890ರದೂ ಆಗಬಹುದು, 1950ರದೂ ಆಗಬಹುದು. ಕಾಗದ, ಅಚ್ಚುಮೊಳೆ, ಬೆಲೆ (ಆಣೆಗಳಲ್ಲಿದೆಯೇ), ಮುದ್ರಣಾಲಯದ ಹೆಸರು, ಇವುಗಳಿಂದ ತೀರ್ಮಾನಿಸಬೇಕಾಗುತ್ತದೆ. ಏನೂ ತಿಳಿಯದಿದ್ದರೆ ‘ವರ್ಷ ನಮೂದಿಸಿಲ್ಲ’ ಎಂದು ಬರೆಯಿರಿ, ಊಹೆಯ ವರ್ಷ ಬೇಡ.

ಮುದ್ರಣಕ್ಕೂ ಆವೃತ್ತಿಗೂ ಇರುವ ಭೇದವನ್ನೂ ಗಮನಿಸಿ. ಪರಿಷ್ಕರಣವಿಲ್ಲದೆ ಮತ್ತೆ ಅಚ್ಚಾದದ್ದು ಮರುಮುದ್ರಣ. ನಮ್ಮ ಪ್ರಕಾಶಕರು ಇವೆರಡನ್ನೂ ಬೆರೆಸಿ ಅಚ್ಚು ಹಾಕುತ್ತಾರೆಂಬುದು ನಿಜ. ಪುಟ ಸಂಖ್ಯೆಯಂತೂ ಮರುಮುದ್ರಣದಲ್ಲಿಯೂ ಬದಲಾಗುತ್ತದೆ. ಆದ್ದರಿಂದ ಮೊದಲ ಮುದ್ರಣದ ವರ್ಷವನ್ನೂ ನೀವು ಬಳಸಿದ ಮುದ್ರಣದ ವರ್ಷವನ್ನೂ ಎರಡನ್ನೂ ಕೊಡಿ. ಸ್ಕ್ಯಾನ್ ಆದ ಪುಸ್ತಕಗಳನ್ನು ಬಳಸುವವರು ಪಿಡಿಎಫ್ ತೋರಿಸುವ ಪುಟವನ್ನಲ್ಲ, ಹಾಳೆಯ ಮೇಲೆ ಅಚ್ಚಾಗಿರುವ ಪುಟ ಸಂಖ್ಯೆಯನ್ನು ಬರೆದುಕೊಳ್ಳಬೇಕು.

ದಿನಪತ್ರಿಕೆಯ ವರದಿ ಮತ್ತು ಊರಿನ ಹಿರಿಯರ ಸಂದರ್ಶನಗಳನ್ನು ಹೇಗೆ ಸೂಚಿಸುವುದು?

ಪತ್ರಿಕೆಗೆ ಹೆಸರು, ತಾರೀಖು, ಪುಟ ಇವುಗಳ ಜೊತೆಗೆ ಯಾವ ಊರಿನ ಆವೃತ್ತಿ ಎಂಬುದನ್ನೂ ಬರೆಯಿರಿ, ಏಕೆಂದರೆ ಹುಬ್ಬಳ್ಳಿ ಆವೃತ್ತಿಯ ಜಿಲ್ಲಾ ಪುಟದ ಸುದ್ದಿ ಬೆಂಗಳೂರು ಆವೃತ್ತಿಯಲ್ಲಿ ಇರುವುದಿಲ್ಲ. ಸಂದರ್ಶನಕ್ಕೆ ವಕ್ತೃವಿನ ಹೆಸರು, ಸುಮಾರು ವಯಸ್ಸು, ಕಸುಬು, ಊರು, ತಾರೀಖು ಬೇಕು. ಹೆಸರು ಬಳಸಲು ಅವರ ಒಪ್ಪಿಗೆ ಪಡೆಯಿರಿ. ಒಪ್ಪದಿದ್ದರೆ ಊರು ಮತ್ತು ಕಸುಬಿಗೆ ನಿಲ್ಲಿಸಿ. ಧ್ವನಿಮುದ್ರಣವನ್ನು ಅಳಿಸದೆ ಇಟ್ಟುಕೊಳ್ಳಿ.

ಬೇರೆ ಬರಹಗಳೊಡನೆ ನಮ್ಮ ಬರಹಕ್ಕೆ ತಂತ್ರಾಂಶ ತೋರಿಸುವ ಸಾಮ್ಯದ ಪ್ರಮಾಣ ಶೇಕಡ 10ರ ಒಳಗಿದ್ದರೆ ಕೃತಿಚೌರ್ಯವಲ್ಲವೆಂದು ಹೇಳುತ್ತಾರೆ. ನಿಜವೇ?

ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಪ್ರಬಂಧಗಳಲ್ಲಿ ಶೇ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, ಶೇ. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಸರಿಯಾಗಿ ಆಕರ ಸೂಚಿಸಿದ ಉದ್ಧರಣೆಗಳು, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಇದು ದಂಡನೆಯ ಲೆಕ್ಕ, ಪ್ರಾಮಾಣಿಕತೆಯ ಲೆಕ್ಕವಲ್ಲ. ಹಳೆಯ ಕನ್ನಡ ಪುಸ್ತಕಗಳ ಬಹುಭಾಗ ಯಂತ್ರ ಓದಬಲ್ಲ ರೂಪದಲ್ಲಿ ಇಲ್ಲವಾದ್ದರಿಂದ, ಪೂರ್ತಿ ಅಧ್ಯಾಯವನ್ನೇ ಎತ್ತಿದ್ದರೂ ತಂತ್ರಾಂಶ ಸೊನ್ನೆ ತೋರಿಸಬಹುದು. ಆ ಪುಸ್ತಕವನ್ನು ಓದಿರುವ ಪರೀಕ್ಷಕರು ಮಾತ್ರ ಎರಡನೆಯ ಪ್ಯಾರಾದಲ್ಲಿಯೇ ಗುರುತಿಸುತ್ತಾರೆ. ಇಂಗ್ಲಿಷ್ ಪುಸ್ತಕದ ಪ್ಯಾರಾವನ್ನು ಕನ್ನಡಕ್ಕೆ ಅನುವಾದಿಸಿ ಆಕರ ಹೇಳದೆ ಬಳಸುವುದೂ ಕೃತಿಚೌರ್ಯವೇ.

ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿಸಬಹುದೇ?

1957ರ ಕೃತಿಸ್ವಾಮ್ಯ ಕಾಯ್ದೆಯು ಖಾಸಗಿ ಅಧ್ಯಯನ ಮತ್ತು ಸಂಶೋಧನೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಟ್ಟಿದೆ. ಬೇಕಾದ ಅಧ್ಯಾಯವನ್ನು ಮಾಡಿಸಿಕೊಳ್ಳಿ, ಪೇಟೆಯಲ್ಲಿ ಸಿಗುವ ಪುಸ್ತಕವನ್ನು ಇಡಿಯಾಗಿ ಮಾಡಿಸಲು ಗ್ರಂಥಾಲಯ ಒಪ್ಪುವುದಿಲ್ಲ. ಲೇಖಕರು ತೀರಿಕೊಂಡ ಅರವತ್ತು ವರ್ಷಗಳ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಬರಹಗಳು ಈಗ ಮುಕ್ತವಾಗಿವೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರವು 2054ರ ಕೊನೆಯವರೆಗೂ ಆಗುವುದಿಲ್ಲ. ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ತಪ್ಪದೆ ಜೆರಾಕ್ಸ್ ಮಾಡಿಸಿ. ಆಕರ ಸೂಚಿಗೆ ಬೇಕಾದ ವಿವರಗಳೆಲ್ಲ ಅಲ್ಲಿಯೇ ಇರುತ್ತವೆ.

ನನಗೆ ಬೇಕಾದ ಪುಸ್ತಕ ನಮ್ಮ ಕಾಲೇಜಿನಲ್ಲಿ ಇಲ್ಲ. ಮುಂದೇನು?

ಮೊದಲು ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನೂ ಇಂಟರ್ನೆಟ್ ಆರ್ಕೈವನ್ನೂ ನೋಡಿ. ಅಲ್ಲಿಯೂ ಕನ್ನಡ ಶೀರ್ಷಿಕೆಗಳ ರೋಮನ್ ಕಾಗುಣಿತ ಅಸ್ತವ್ಯಸ್ತವಾಗಿರುವುದರಿಂದ ಲೇಖಕರ ಹೆಸರಿನಿಂದಲೂ ಹುಡುಕಿ. ಸಿಗದಿದ್ದರೆ ನಿಮ್ಮ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋಗಬೇಕಾಗುತ್ತದೆ. ಹಸ್ತಪ್ರತಿಗಳಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಸರ್ಕಾರಿ ದಾಖಲೆಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇವೆ. ಪ್ರಾಂಶುಪಾಲರ ಅಥವಾ ವಿಭಾಗ ಮುಖ್ಯಸ್ಥರ ಸಹಿಯುಳ್ಳ ಪರಿಚಯ ಪತ್ರ, ಕಾಲೇಜಿನ ಗುರುತಿನ ಚೀಟಿ ಮತ್ತು ಬೇಕಾದ ಪುಸ್ತಕಗಳ ಅಥವಾ ಕಡತಗಳ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ಪರಿಚಯ ಪತ್ರದ ನಮೂನೆ ರೆಫರೆನ್ಸ್ ಮೇಜಿನಲ್ಲಿ ಸಿಗುತ್ತದೆ. ಸಹಿಗೆ ಸಮಯ ಹಿಡಿಯುವುದರಿಂದ ಹೊರಡುವ ಹಿಂದಿನ ದಿನ ಕೇಳಬೇಡಿ.